ಕೊರಳಿನ ಕಲ್ಲುರೇಷ್ಮೆ

ಧೂಳು ಒರೆಸುವುದಕ್ಕೆ ಒಂದು ಕ್ರಮವಿದೆ. ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಬಾಗಿಲ ಕಡೆಗೆ, ಯಾವಾಗಲೂ ಒದ್ದೆ ಬಟ್ಟೆಯಿಂದ. ಒಣ ಹಿಡಿಸೂಡಿ ಧೂಳನ್ನು ತೆಗೆಯುವುದಿಲ್ಲ, ಅದರ ಜಾಗ ಬದಲಿಸುತ್ತದೆ. ಮಂಗಳೂರಿನಲ್ಲಿ ನಾನು ನರ್ಸಿಂಗ್ ಕಲಿಯುತ್ತಿದ್ದಾಗ ನಮ್ಮ ಮೇಟ್ರನ್ ಬೆರಳಿಗೆ ಬಿಳಿ ಕರವಸ್ತ್ರ ಸುತ್ತಿಕೊಂಡು ಮಂಚದ ಅಡಿಯ ಸರಳುಗಳನ್ನು ಸವರಿ ನೋಡುತ್ತಿದ್ದರು. ಅದರ ಮೇಲೆ ಒಂದು ಗೆರೆ ಮೂಡಿದರೂ ಇಡೀ ವಾರ್ಡನ್ನು ಮತ್ತೆ ಒರೆಸಬೇಕು. ಆಗ ಅವರನ್ನು ಬೈದುಕೊಂಡೆವು. ಎಪ್ಪತ್ತು ದಾಟಿದ ಮೇಲೂ ನನ್ನ ಕೈಗೆ ಬೇರೆ ರೀತಿ ಬರುವುದಿಲ್ಲ.

ಕುವೈತಿಗೆ ಆ ಅಭ್ಯಾಸ ಸರಿಹೊಂದಿತು. ಇಲ್ಲಿ ಕಿಟಕಿಗೆ ರಬ್ಬರ್ ಪಟ್ಟಿ ಅಂಟಿಸಿ, ಬಾಗಿಲಡಿಗೆ ಬಟ್ಟೆ ತುರುಕಿದರೂ ಮರುಭೂಮಿ ಒಳಗೆ ಬರುತ್ತದೆ. ಹುಡಿಗಾಳಿ ಬೀಸಿದ ಮರುದಿನ ಊಟದ ಮೇಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಸರ್ಕಾರಿ ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ನಮ್ಮವರೂ ಮಹಬೂಲಾದಲ್ಲಿ ಮಗನ ಮನೆಯಲ್ಲಿದ್ದೇವೆ. ಎತ್ತರದ ಕಟ್ಟಡ. ಬಾಲ್ಕನಿಯಿಂದ ಸಮುದ್ರದ ಒಂದು ಸೀಳು ಕಾಣುತ್ತದೆ. ಬೆಳಿಗ್ಗೆ ಮಗ, ಸೊಸೆ, ಮೊಮ್ಮಗಳು ಹೊರಟ ಕೂಡಲೇ ನಾನು ಒರೆಸಲು ತೊಡಗುತ್ತೇನೆ. ನಮ್ಮ ಕೋಣೆಯಲ್ಲಿ ಮೊದಲು ಒರೆಸುತ್ತಿದ್ದದ್ದು ಕಪಾಟಿನ ಮೇಲಿದ್ದ ಹಸಿರು ತಗಡಿನ ಪೆಟ್ಟಿಗೆಯನ್ನು, ಏಕೆಂದರೆ ಎಲ್ಲಕ್ಕಿಂತ ಮೇಲೆ ಇದ್ದದ್ದು ಅದೇ. ಹೊರಮೈ ಮಾತ್ರ. ಒಳಗೆ ಕೈ ಹಾಕುವುದು ನನ್ನ ಕೆಲಸವಾಗಿರಲಿಲ್ಲ.

ಅದು ನಮ್ಮವರ ವೇಷದ ಪೆಟ್ಟಿಗೆ.

ನಮ್ಮವರು ವಾಹನಗಳ ಬಿಡಿಭಾಗ ಮಾರುವ ಕಂಪೆನಿಯೊಂದರಲ್ಲಿ ಲೆಕ್ಕ ಬರೆದವರು. ಎಸಿ ಕೋಣೆ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಆದರೆ ಇರಾಕಿನ ಸೈನ್ಯ ಬರುವುದಕ್ಕೆ ಮೊದಲಿನ ವರ್ಷಗಳಲ್ಲಿ ಇಲ್ಲಿದ್ದ ನಮ್ಮ ಕರಾವಳಿಯವರಿಗೆ ಅವರ ಗುರುತು ಬೇರೆ. ಅವರು ಈಶ್ವರ. ಶಿವರಾತ್ರಿಯ ಹತ್ತಿರದ ಗುರುವಾರ ಸಬ್ಹಾನಿನ ಒಂದು ಕಾರ್ಮಿಕರ ಕ್ಯಾಂಪಿನ ಊಟದ ಹಾಲಿನಲ್ಲಿ ಎಲ್ಲರೂ ಸೇರಿ ಪೌರಾಣಿಕ ನಾಟಕ ಆಡುತ್ತಿದ್ದರು. ದೇವದಾನವರು ಸಮುದ್ರ ಕಡೆದಾಗ ವಿಷ ಏಳುತ್ತದೆ. ಅದನ್ನು ಈಶ್ವರ ಕುಡಿಯುತ್ತಾನೆ. ಹೊಟ್ಟೆಗೆ ಇಳಿಯದ ಹಾಗೆ ಪಾರ್ವತಿ ಅವನ ಕೊರಳನ್ನು ಒತ್ತಿ ಹಿಡಿಯುತ್ತಾಳೆ. ಕೊರಳು ನೀಲಿಯಾಗುತ್ತದೆ. ಪ್ರತಿ ವರ್ಷ ಅದೇ ಕಥೆ, ಬಹುತೇಕ ಅದೇ ಜನ. ಆದರೂ ಹಾಲ್ ತುಂಬುತ್ತಿತ್ತು. ಎಲ್ಲರೂ ಕಾಯುತ್ತಿದ್ದದ್ದು ಆ ನೀಲಿಗೆ.

ಯುದ್ಧ ಬಂದಾಗ ನಾವು ಬಟ್ಟೆಯ ಎರಡು ಚೀಲ ಹಿಡಿದು ಬಸ್ಸಿನಲ್ಲಿ ಜೋರ್ಡಾನ್ ಕಡೆಗೆ ಹೊರಟೆವು. ಎಲ್ಲ ಮುಗಿದು ತಿರುಗಿ ಬಂದಾಗ ನಮ್ಮ ಹಳೆಯ ಫ್ಲ್ಯಾಟಿನಲ್ಲಿ ಫ್ರಿಜ್ಜಿಲ್ಲ, ಟಿ.ವಿ. ಇಲ್ಲ, ಅಡುಗೆಮನೆಯ ನಲ್ಲಿಯನ್ನೂ ಕಿತ್ತುಕೊಂಡು ಹೋಗಿದ್ದರು. ಬರಿಯ ನೆಲದ ನಡುವೆ ಹಸಿರು ಪೆಟ್ಟಿಗೆ ಮುಚ್ಚಳ ತೆರೆದುಕೊಂಡು ಕುಳಿತಿತ್ತು. ಒಂದು ವಸ್ತುವೂ ಹೋಗಿರಲಿಲ್ಲ. ದೇವರ ವೇಷ, ಮುಟ್ಟಲು ಹೆದರಿದರು ಎಂದು ನಮ್ಮವರು ಹಿಗ್ಗಿದರು. ಅಂದಿನಿಂದ ಮನೆ ಬದಲಾದ ಹಾಗೆಲ್ಲ ಪೆಟ್ಟಿಗೆ ನಮ್ಮ ಜೊತೆ ಬಂತು. ಕ್ಯಾಂಪ್ ಹೋಯಿತು, ಆ ನಾಟಕ ನಿಂತಿತು. ಆದರೆ ವರ್ಷಕ್ಕೊಮ್ಮೆ, ಶಿವರಾತ್ರಿಯ ಬೆಳಿಗ್ಗೆ, ಅವರು ಸ್ನಾನ ಮಾಡಿ ಪೆಟ್ಟಿಗೆ ಇಳಿಸುತ್ತಿದ್ದರು. ವೇಷದ ಪೆಟ್ಟಿಗೆಯನ್ನು ಸುಮ್ಮನೆ ತೆರೆಯಬಾರದು; ದೀಪ ಹಚ್ಚಿ, ವೇಷ ಕಟ್ಟಿದವನೇ ತೆರೆಯಬೇಕು. ಧೂಪ ಹಾಕಿ, ಒಂದೊಂದನ್ನೇ ಕೊಡವಿ, ಗಾಳಿಗೆ ಹಿಡಿದು ಮತ್ತೆ ಮಡಚಿಡುತ್ತಿದ್ದರು. ನಾನು ಅಡುಗೆಮನೆಯಲ್ಲಿ ಪಾನಕ ಮಾಡುತ್ತಿದ್ದೆ. ಆಮೇಲೆ ಬಂದು ಕೋಣೆ ಒರೆಸುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಅವರು ಸಂಜೆಯ ನಡಿಗೆಯಲ್ಲಿ ನಿಂತು ನಿಂತು ಬರತೊಡಗಿದರು. ಕೇಳಿದರೆ ಸಮುದ್ರ ನೋಡುತ್ತಿದ್ದೇನೆ ಎನ್ನುವರು. ಸಮುದ್ರವನ್ನು ಅಷ್ಟು ನೋಡುವವರಲ್ಲ ಅವರು. ಒಂದು ಬೆಳಿಗ್ಗೆ ಅಂಗಿ ತೆಗೆಸಿ, ಬೆನ್ನಿಗೆ ಬೆರಳು ಬಡಿದು ನೋಡಿದೆ. ಎಡಗಡೆ ಮದ್ದಳೆಯ ಹಾಗೆ ನುಡಿಯಿತು. ಬಲಗಡೆ ನಡುವಿನಿಂದ ಕೆಳಗೆ ಶಬ್ದವೇ ಇಲ್ಲ. ಗೋಡೆಗೆ ಬಡಿದ ಹಾಗೆ. ಬೆರಳನ್ನು ಸ್ವಲ್ಪ ಸ್ವಲ್ಪವೇ ಇಳಿಸಿದೆ. ಶಬ್ದ ನಿಲ್ಲುವಲ್ಲಿ ಒಂದು ಗೆರೆ ಇತ್ತು, ಕೊಡದೊಳಗಿನ ನೀರಿನ ಮಟ್ಟದಷ್ಟು ನೇರ.

"ಎಂತ ಸಿಸ್ಟರೇ, ಅಷ್ಟು ಬಡಿದರೂ ಬಾಗಿಲು ತೆರೆಯುವವರು ಯಾರೂ ಇಲ್ಲವಾ?" ಎಂದರು. ಅವರು ನನ್ನನ್ನು ಕರೆಯುವುದೇ ಹಾಗೆ, ಮದುವೆಯಾದಾಗಿನಿಂದ.

ಆಸ್ಪತ್ರೆಯಲ್ಲಿ ಎದೆಯಿಂದ ನೀರು ತೆಗೆದರು. ಪೊರೆಯ ಚೂರೊಂದನ್ನು ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಮೀಸೋಥೀಲಿಯೋಮ. ಶ್ವಾಸಕೋಶಕ್ಕೆ ಸುತ್ತಿಕೊಂಡಿರುವ ತೆಳ್ಳನೆಯ ಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ನನ್ನ ಕೆಲಸದ ಕಾಲದಲ್ಲಿ ಅಂಥ ಕೆಲವರನ್ನು ನೋಡಿದ್ದೆ. ಎಲ್ಲರೂ ಬಾಯ್ಲರಿನ, ಹಡಗಿನ, ಕೊಳವೆಯ ಕೆಲಸ ಮಾಡಿದವರು. ಆ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಅದನ್ನು ಮರೆತ ಮೇಲೆ ಬಂದವರು. ಔಷಧದಿಂದ ಅದರ ನಡಿಗೆಯನ್ನು ನಿಧಾನ ಮಾಡಬಹುದು, ತಿರುಗಿಸಿ ಕಳಿಸಲಾಗದು. ಇದನ್ನು ಡಾಕ್ಟರು ನಮ್ಮವರಿಗೆ ಮುಚ್ಚಿಡದೆ ಹೇಳಿದರು. ಅವರು ಗಮನವಿಟ್ಟು ಕೇಳಿ, ಒಂದೇ ಪ್ರಶ್ನೆ ಹಾಕಿದರು: ಶಿವರಾತ್ರಿಯವರೆಗೆ ನೆಟ್ಟಗೆ ಕುಳಿತುಕೊಳ್ಳಲು ಆಗುತ್ತದೆಯೇ?

ಅದಕ್ಕೆ ಕಾರಣವಿತ್ತು. ಕಾಯಿಲೆ ಗೊತ್ತಾಗುವುದಕ್ಕೆ ಮೊದಲೇ ಊರಿನವರ ಸಂಘದ ಹುಡುಗರು ಮನೆಗೆ ಬಂದಿದ್ದರು. ಈ ವರ್ಷದ ಕಾರ್ಯಕ್ರಮದಲ್ಲಿ ಹಳೆಯ ನಾಟಕದ ವಿಷಪಾನದ ದೃಶ್ಯ ಮಾತ್ರ ಆಡಿಸುವುದು, ಹಳೆಯ ಈಶ್ವರನೇ ಕುಳಿತುಕೊಳ್ಳುವುದು, ಹಳೆಯ ಪಾರ್ವತಿಯೇ ಕೊರಳು ಒತ್ತುವುದು, ಮೊಮ್ಮಕ್ಕಳೆಲ್ಲ ದೇವಗಣವಾಗಿ ಸುತ್ತ ನಿಲ್ಲುವುದು. ನಮ್ಮವರ ಮುಖದಲ್ಲಿ ಅಂಥ ಬೆಳಕನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಬಣ್ಣದವರಿಗೆ ತೊಂದರೆ ಬೇಡ, ನೀಲಿಯನ್ನು ನಾನೇ ತರುತ್ತೇನೆ ಎಂದು ಮಾತು ಕೊಟ್ಟರು. ಇನ್ನು ಬದುಕಿನಲ್ಲಿ ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಮುಂದಿನ ಭೇಟಿಯಲ್ಲಿ ಡಾಕ್ಟರು ಮತ್ತೆ ಕೆಲಸದ ವಿಷಯ ಎತ್ತಿದರು. ಆ ಪ್ರಶ್ನೆಯನ್ನು ಅವರು ಬೇರೆ ಬೇರೆ ರೀತಿ ಕೇಳಿದ್ದರು. ನಮ್ಮವರು ಪ್ರತಿ ಸಲವೂ ಡೆಬಿಟ್, ಕ್ರೆಡಿಟ್ ಎಂದೇ ಉತ್ತರಿಸಿದ್ದರು. ಡಾಕ್ಟರು ಈಜಿಪ್ಟಿನವರು, ವಯಸ್ಸಾದವರು. ನಾನು ಅರಬಿಯಲ್ಲಿ ಮಾತನಾಡುತ್ತೇನೆಂದು ಅವರಿಗೆ ಖುಷಿ; ನನ್ನ ಕಡೆ ತಿರುಗಿ ಅರಬಿಯಲ್ಲೇ ವೇಗವಾಗಿ ಕೇಳಿದರು. ನನ್ನದು ವಾರ್ಡಿನಲ್ಲಿ ಕಿವಿಯಿಂದ ಕಲಿತ ಅರಬಿ. ನೋವು, ಮೂತ್ರ, ನಿದ್ದೆ, ಊಟ ಎಲ್ಲ ಬರುತ್ತದೆ. ಈ ಮಾತಿನಲ್ಲಿ ನನಗೆ ಹಿಡಿದದ್ದು ಒಂದೇ ಶಬ್ದ: ಹರೀರ್. ಹರೀರ್ ಎಂದರೆ ರೇಷ್ಮೆ. ನಿಮ್ಮ ಗಂಡ ಎಂದಾದರೂ ರೇಷ್ಮೆಯ ಸಂಪರ್ಕದಲ್ಲಿ ಇದ್ದರೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ.

ಹೌದು, ನಾಟಕದ ವೇಷದಲ್ಲಿ ಮಾತ್ರ, ಕೊರಳಿಗೆ, ಎಂದೆ.

ಏಕೆ ಕೊರಳಿಗೆ ಎಂದೆನೋ ಗೊತ್ತಿಲ್ಲ. ಅವರ ವೇಷದಲ್ಲಿ ಸೊಂಟಕ್ಕೂ ಹೆಗಲಿಗೂ ರೇಷ್ಮೆ ಇತ್ತು, ಕೊರಳಿಗೆ ಇರಲಿಲ್ಲ. ಡಾಕ್ಟರು ನಕ್ಕುಬಿಟ್ಟರು. ಈ ರೇಷ್ಮೆ ಅದಲ್ಲ, ಹರೀರ್ ಸಖ್ರಿ, ಬಂಡೆಯ ರೇಷ್ಮೆ, ಎಂದು ಬಿಡಿಸಿ ಹೇಳಿ, ಕೊನೆಗೆ ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್, ಈ ರೋಗವನ್ನು ಹೆಚ್ಚಾಗಿ ತರುವುದು ಅದರ ಧೂಳು, ಎಂದರು. ನನ್ನ ತಪ್ಪಿಗೆ ನಾನೂ ನಕ್ಕೆ. ನಮ್ಮವರು ನಗುವವರ ಮುಖಗಳನ್ನು ನೋಡುತ್ತ, ಎಂತ ಜೋಕು ಎಂದು ಕೇಳಿದರು.

ಕಾರಿನಲ್ಲಿ ಬರುವಾಗ ನನಗೆ ಶಾಲೆಯ ವಿಜ್ಞಾನದ ಪಾಠ ನೆನಪಾಯಿತು. ಅದರಲ್ಲಿ ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂದಿತ್ತು. ಕಲ್ಲಿನ ನಾರು. ಮಲ್ಲಿಗೆ ಕಟ್ಟುವ ಬಾಳೆನಾರನ್ನು ಕಂಡವರು ಇಟ್ಟ ಹೆಸರು ಇರಬೇಕು. ಕನ್ನಡದವರು ಕಲ್ಲಿನಲ್ಲಿ ನಾರು ಕಂಡರು, ಅರಬರು ರೇಷ್ಮೆ ಕಂಡರು. ಮುಟ್ಟಿ ನೋಡಿದರೆ ಯಾವುದು ಸರಿ ಎಂದು ಯೋಚಿಸುತ್ತಿದ್ದೆ. ರೇಷ್ಮೆಯೇ ಸರಿ ಎಂದು ಬೆರಳು ಹೇಳಿತು. ಮುಟ್ಟದಿದ್ದದ್ದು ಬೆರಳಿಗೆ ಹೇಗೆ ಗೊತ್ತು?

ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಸ್ಟೂಲಿನ ಮೇಲೆ ಹತ್ತಿದೆ. ಕೈ ಪೆಟ್ಟಿಗೆಯ ಮೇಲೆ ನಿಂತಿತು.

ನಾಟಕ ಸುರುವಾದ ವರ್ಷ ಕೈಲಾಸವನ್ನು ಆಸ್ಪತ್ರೆಯ ಹತ್ತಿಯಿಂದ ಮಾಡಿದ್ದೆವು. ಅದು ಹಿಮದ ಬದಲು ಡ್ರೆಸ್ಸಿಂಗ್ ರೂಮಿನ ಹಾಗೆ ಕಂಡು ಜನ ನಕ್ಕರು. ನಮ್ಮ ನಾಟಕಕ್ಕೆ ಮದ್ದಳೆ ಬಾರಿಸುತ್ತಿದ್ದವರು ವಿಟ್ಲ ಕಡೆಯವರೊಬ್ಬರು. ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆದಾರನ ಕೈಕೆಳಗೆ ಲ್ಯಾಗಿಂಗ್ ಮಾಡುತ್ತಿದ್ದರು. ಬಿಸಿ ಕೊಳವೆಗಳಿಗೆ ಹೊದಿಕೆ ಸುತ್ತುವುದು, ಹಳೆಯದನ್ನು ಕಿತ್ತು ಹೊಸದು ಹಾಕುವುದು. ಮರುವರ್ಷ ಅವರು ಗೋಣಿಚೀಲಗಳಲ್ಲಿ ಕೈಲಾಸವನ್ನೇ ಹೊತ್ತು ತಂದರು. ಕೊಳವೆಯಿಂದ ಕಳಚಿದ ಕಂದು ತುಂಡುಗಳು, ನಮ್ಮ ಮಾಡಿನ ಕೋಡು ಹಂಚಿನ ಹಾಗೆ ಬಾಗಿದವು. ಅವನ್ನು ಒಟ್ಟಿದರೆ ಬೆಟ್ಟವಾಯಿತು. ಅದರ ಮೇಲೆ ಹರವಲು ಬಿಳಿಯ ನಯವಾದ ಕುಚ್ಚು. ಅದು ಹಿಮ. ಕೊನೆಗೆ ಕಾಗದದ ಪೊಟ್ಟಣವೊಂದನ್ನು ಬಿಚ್ಚಿದರು. ಅದರಲ್ಲಿ ನೀಲಿ ಇತ್ತು.

ಅಂಥ ನೀಲಿಯನ್ನು ಯಾರೂ ನೋಡಿರಲಿಲ್ಲ. ಶಾಯಿಯದಲ್ಲ, ಆಕಾಶದ್ದಲ್ಲ. ನೋಡಿದಷ್ಟೂ ಒಳಕ್ಕೆ ಹೋಗುವ ಬೂದುನೀಲಿ. ಯಾರೋ ಯಾವ ಬಣ್ಣದಲ್ಲಿ ಅದ್ದಿದ್ದೀರಿ ಎಂದು ಕೇಳಿದರು. "ಬಣ್ಣ ಹಾಕಿದ್ದಲ್ಲ ಮಾರಾಯ್ರೆ. ಕಲ್ಲು ಹುಟ್ಟುವಾಗಲೇ ಹೀಗೆ," ಎಂದರು ಮದ್ದಳೆಯವರು. ಹಳೆಯ ಯಂತ್ರವೊಂದರ ಹೊಟ್ಟೆಯಲ್ಲಿ ಸಿಕ್ಕಿತಂತೆ. ನಮ್ಮವರು ಅದನ್ನು ತೆಳುಬಟ್ಟೆಯ ಮೇಲೆ ಹೊಲಿದು ಕೊರಳಪಟ್ಟಿ ಮಾಡಿಕೊಂಡರು. ಹುಟ್ಟಿನಿಂದಲೇ ನೀಲಿಯಾದದ್ದು ಈಶ್ವರನಿಗೆ ಸಿಕ್ಕಿದೆ, ಇನ್ನು ಇದು ಬೇರೆ ಯಾರ ಕೊರಳಿಗೂ ಆಗದು ಎಂದರು. ವೇಷ ಕಟ್ಟುವ ಚೌಕಿಯಲ್ಲಿ ಅದನ್ನು ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ನಾನೂ ಮುಟ್ಟಿದ್ದೆ. ಅದೇ ಬೆರಳಿಗೆ ನೆನಪಿದ್ದದ್ದು.

ದೃಶ್ಯ ಹೀಗೆ. ಈಶ್ವರ ಬಟ್ಟಲೆತ್ತಿ ಕುಡಿಯುತ್ತಾನೆ. ಪಾರ್ವತಿ ಓಡಿ ಬಂದು ಕೊರಳಿಗೆ ಅಂಗೈ ಒತ್ತುತ್ತಾಳೆ. ಹಾಗೆ ಒತ್ತುವಾಗ ಮೇಲಿನ ಶಾಲನ್ನು ಸರಿಸಿ ನೀಲಿಯನ್ನು ಬಿಡಿಸಬೇಕು. ಅದೇ ಹೊತ್ತಿಗೆ ಪರದೆಯ ಹಿಂದೆ ಏಣಿಯ ಮೇಲೆ ನಿಂತವರು ಜರಡಿಯಿಂದ ಹಿಮ ಉದುರಿಸುತ್ತಾರೆ. ಹಾಲಿನ ಫ್ಯಾನುಗಳನ್ನೆಲ್ಲ ನಿಲ್ಲಿಸಿ ಒಂದೇ ದೀಪ ಬಿಡುತ್ತಿದ್ದೆವು. ಮತ್ತೆ ನನಗೆ ಬೇರೇನೂ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ, ಇದೊಂದು ನೆನಪಿದೆ: ಆ ಹಿಮ ಇಳಿಯುತ್ತಿರಲಿಲ್ಲ. ದೀಪದ ಬೆಳಕಿನ ಕೋಲಿನಲ್ಲಿ ಅದು ನಿಂತೇ ಇರುತ್ತಿತ್ತು. ನಾಟಕ ಮುಗಿದು ಮಂಗಳ ಹಾಡಿ, ಜನ ಎದ್ದು ಚಪ್ಪಲಿ ಹುಡುಕುವಾಗಲೂ ಗಾಳಿಯಲ್ಲಿ ಮಿನುಗುತ್ತಿತ್ತು. ಮುಂದಿನ ಸಾಲಿನ ಮಕ್ಕಳು ನಾಲಗೆ ಚಾಚಿ ಅದನ್ನು ಹಿಡಿಯಲು ನೋಡುತ್ತಿದ್ದವು. ನನ್ನ ಮಗ ನನ್ನ ಮಡಿಲಿನಲ್ಲಿದ್ದ. ಬಾಯಿ ತೆರೆದುಕೊಂಡಿದ್ದ.

ಮದ್ದಳೆಯವರು ಯುದ್ಧದ ನಂತರ ಊರಿನಲ್ಲೇ ಉಳಿದರು. ಕೆಲವು ವರ್ಷ ಕಳೆದು, ಎದೆಯಲ್ಲಿ ನೀರು ತುಂಬಿ ಹೋದರಂತೆ ಎಂಬ ಸುದ್ದಿ ಬಂತು. ಟಿ.ಬಿ. ಇರಬೇಕು ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಸ್ಟೂಲಿನಿಂದ ಇಳಿದೆ. ಬಟ್ಟೆಯನ್ನು ಬಕೆಟಿಗೆ ಹಾಕದೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದೆ.

ಮಗ ಅವರನ್ನು ಸ್ಕ್ಯಾನಿಗೆ ಕರೆದುಕೊಂಡು ಹೋದ ದಿನವನ್ನು ಆರಿಸಿಕೊಂಡೆ. ಎಸಿ ನಿಲ್ಲಿಸಿದೆ, ಬಾಗಿಲಡಿಗೆ ಒದ್ದೆ ಟವೆಲ್ ಒತ್ತಿದೆ, ಕ್ಷಯದ ವಾರ್ಡಿನಲ್ಲಿ ಬಳಸುವಂಥ ಬಿಗಿ ಮಾಸ್ಕ್ ಹಾಕಿದೆ, ಗಿಡಗಳಿಗೆ ನೀರು ಚಿಮುಕಿಸುವ ಬಾಟಲಿ ಪಕ್ಕದಲ್ಲಿಟ್ಟುಕೊಂಡೆ. ಪೆಟ್ಟಿಗೆಯನ್ನು ನೆಲಕ್ಕೆ ಇಳಿಸಿ ಮುಚ್ಚಳ ಎತ್ತಿದೆ. ದೀಪ ಹಚ್ಚಲಿಲ್ಲ.

ಹುಲಿಚರ್ಮದ ವೆಲ್ವೆಟ್ಟಿಗೆ ನುಸಿ ಹಿಡಿದಿತ್ತು. ಜರಿ ಕಪ್ಪಾಗಿತ್ತು. ಹೆಗಲಿನ ರೇಷ್ಮೆ ಮಡಿಕೆಯಲ್ಲೇ ಸೀಳಿಹೋಗಿತ್ತು. ಕೊರಳ ಸುತ್ತಿನ ಹಾವಿಗೆ ಒಂದು ಕಣ್ಣಿರಲಿಲ್ಲ. ಎಲ್ಲಕ್ಕೂ ನಮ್ಮಷ್ಟೇ ವಯಸ್ಸಾಗಿತ್ತು. ತಳದಲ್ಲಿ ತೆಳುಬಟ್ಟೆಯ ಮಡಿಕೆಯೊಳಗೆ ನೀಲಿ ಇತ್ತು. ಅದಕ್ಕೆ ವಯಸ್ಸಾಗಿರಲಿಲ್ಲ. ನಿನ್ನೆ ಸಂಜೆ ಹೊಲಿದು ಇಟ್ಟ ಹಾಗಿತ್ತು.

ಕಿಟಕಿಯಿಂದ ಬಿಸಿಲು ಅಡ್ಡಲಾಗಿ ಬೀಳುತ್ತಿತ್ತು. ನಾನು ಬಗ್ಗಿದೆ. ಉಸಿರು ಬಿಟ್ಟಾಗ ಅದರ ಎಳೆಗಳು ಆಚೆ ಬಾಗಿದವು. ಉಸಿರು ಎಳೆದಾಗ ನನ್ನ ಕಡೆಗೆ ತಿರುಗಿದವು. ಮಾಸ್ಕಿನ ಅಂಚಿನಿಂದ ಹೋಗುವ ಅಷ್ಟು ಸಣ್ಣ ಗಾಳಿ ಅವಕ್ಕೆ ಸಾಕಾಗಿತ್ತು. ಉಸಿರು ಹಿಡಿದೆ. ಅವೂ ನಿಂತವು. ಹಾಗೆ ನಾವಿಬ್ಬರೂ ಸ್ವಲ್ಪ ಹೊತ್ತು ಇದ್ದೆವು. ಮೂವತ್ತಕ್ಕೂ ಹೆಚ್ಚು ವರ್ಷ ಇದು ನಮ್ಮ ತಲೆಯ ಮೇಲೆ ಹೀಗೆಯೇ, ಯಾರಾದರೂ ಬಂದು ಉಸಿರಾಡಲಿ ಎಂದು ಕಾದಿದೆ ಅನ್ನಿಸಿತು. ಅಂಥ ಯೋಚನೆಗಳಿಗೆ ನನ್ನಲ್ಲಿ ಜಾಗವಿಲ್ಲ. ನೀರು ಚಿಮುಕಿಸಿದೆ. ಎಳೆಗಳು ಮಲಗಿದವು. ಒಂದು ಚೂರನ್ನು ಕತ್ತರಿಸಿ ಔಷಧದ ಖಾಲಿ ಬಾಟಲಿಗೆ ಹಾಕಿದೆ. ಪೆಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದ ಬಿಳಿ ಕುಚ್ಚು ಮತ್ತು ಕಂದು ಪುಡಿಯನ್ನೂ ಹಾಗೆಯೇ ಬೇರೆ ಬೇರೆ ತೆಗೆದೆ. ಪೆಟ್ಟಿಗೆಯನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಅಂಟುಪಟ್ಟಿ ಬಿಗಿದು ಮತ್ತೆ ಕಪಾಟಿನ ಮೇಲಿಟ್ಟೆ. ಕೋಣೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿದೆ. ಆ ರಾತ್ರಿಯಿಂದ ನಾವು ಹಾಲಿನಲ್ಲಿ ಮಲಗಿದೆವು. ಎಸಿಯ ಶಬ್ದ ಎಂದು ಸುಳ್ಳು ಹೇಳಿದೆ.

ಬಾಟಲಿಗಳನ್ನು ಡಾಕ್ಟರು ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬಂದಾಗ ನನ್ನನ್ನು ಒಬ್ಬಳನ್ನೇ ಕೂರಿಸಿ, ಔಷಧದ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. 'ಬಂಡೆಯ ರೇಷ್ಮೆ' ಎಂಬುದು ಒಂದೇ ಕಲ್ಲಿನದಲ್ಲ. ಬಿಳಿಯದರ ಎಳೆ ಗುಂಗುರು ಕೂದಲಿನ ಹಾಗೆ ಸುರುಳಿ; ದೇಹ ಅದನ್ನು ಅಷ್ಟಿಷ್ಟಾದರೂ ಮುರಿದು ಹೊರಗೆ ಹಾಕಬಲ್ಲದು. ಹಾಗೆಂದು ಅದು ಸಾಧುವಲ್ಲ, ಅದರಿಂದಲೂ ಈ ರೋಗ ಬಂದವರಿದ್ದಾರೆ. ಕಂದು ಮತ್ತು ನೀಲಿ ಬೇರೆ ಜಾತಿಯ ಕಲ್ಲು. ಅವುಗಳ ಎಳೆ ನೇರ, ಸೂಜಿಯ ಹಾಗೆ. ಎಲ್ಲಕ್ಕಿಂತ ತೆಳುವಾದದ್ದು, ಎಲ್ಲಕ್ಕಿಂತ ಕೆಟ್ಟದ್ದು ನೀಲಿ. ಉಸಿರಿನ ಜೊತೆ ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ, ಅಲ್ಲಿಂದ ಹೊರಪೊರೆಯನ್ನು ಮುಟ್ಟುತ್ತದೆ. ದೇಹವನ್ನು ಕಾಯುವ ಕಣಗಳು ಬಂದು ಅದನ್ನು ನುಂಗಲು ನೋಡುತ್ತವೆ. ಸೂಜಿ ಅವಕ್ಕಿಂತ ಉದ್ದ. ನುಂಗಲೂ ಆಗದೆ ಉಗುಳಲೂ ಆಗದೆ ಅವೇ ಸಾಯುತ್ತವೆ. ಸೂಜಿ ಅಲ್ಲೇ ಇರುತ್ತದೆ. ಹತ್ತಾರು ವರ್ಷ ಏನೂ ಆಗದ ಹಾಗೆ ಇರುತ್ತದೆ.

ಅಂದು ಹಾಲಿನಲ್ಲಿದ್ದ ಉಳಿದವರಿಗೆ ಎಂದು ಕೇಳಿದೆ. ಯಾರಿಗೆ ಬರುತ್ತದೆ, ಯಾರಿಗೆ ಇಲ್ಲ ಎಂದು ಹೇಳಲು ಯಾರಿಂದಲೂ ಆಗದು ಎಂದರು. ಕೊರಳಿಗೇ ಕಟ್ಟಿಕೊಂಡು ಬಾಯಿ ತೆರೆದು ಮಾತು ಹೇಳಿದವರಿಗೂ ದೂರ ಕುಳಿತವರಿಗೂ ವ್ಯತ್ಯಾಸವಿದೆ, ಅಷ್ಟೆ.

ಮನೆಯಲ್ಲಿ ನಮ್ಮವರು ಬಾಲ್ಕನಿಯಲ್ಲಿ ಕುಳಿತು ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ವಾಕ್ಯಕ್ಕೆ ಎರಡು ಕಡೆ ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಎಲ್ಲಿ ತೆಗೆದುಕೊಂಡರೆ ಅದು ಅಭಿನಯವಾಗಿ ಕಾಣುತ್ತದೆ ಎಂದು ಹುಡುಕುತ್ತಿದ್ದರು. ನನ್ನ ಮುಂದೆ ಎರಡು ದಾರಿಯಿತ್ತು. ಪೆಟ್ಟಿಗೆಯನ್ನು ಸದ್ದಿಲ್ಲದೆ ಸಾಗಿಸಿ, ಮಗನ ಕೈಯಿಂದ ಏನೋ ಒಂದು ಕಾರಣ ಹೇಳಿಸುವುದು. ಆಗ ಈಶ್ವರ ಅವರ ಬದುಕಿನ ಒಳ್ಳೆಯ ಭಾಗವಾಗಿಯೇ ಉಳಿಯುತ್ತಾನೆ. ಇಲ್ಲ, ಹೇಳಿಬಿಡುವುದು. ಆಗ ಕಾಯಿಲೆ ಎಲ್ಲಿಂದ ಬಂತೆಂದು ತಿಳಿಯುತ್ತದೆ, ಈಶ್ವರ ಹೋಗುತ್ತಾನೆ. ಮಗ ಮೊದಲನೆಯದನ್ನೇ ಹೇಳಿದ. ನಾನೂ ಕೆಲವು ದಿನ ಹಾಗೆಯೇ ನಡೆದುಕೊಂಡೆ.

ಶಿವರಾತ್ರಿ ಸಮೀಪಿಸಿದಾಗ ಅವರು ಪೆಟ್ಟಿಗೆ ಇಳಿಸಲು ಹೇಳಿದರು. ಇಳಿಸುವುದಿಲ್ಲ ಎಂದೆ.

"ಧೂಪ ಈ ಸಲ ನೀನೇ ಹಾಕುವುದಾ? ಸಿಸ್ಟರಿಗೆ ಪ್ರಮೋಷನ್ ಆಯಿತಾ?"

ನಾನು ಎದುರು ನಿಂತು, ಡ್ಯೂಟಿ ಮುಗಿಸಿ ವಾರ್ಡನ್ನು ಒಪ್ಪಿಸುವಾಗ ಹೇಗೆ ಹೇಳುತ್ತೇವೋ ಹಾಗೆ ಹೇಳಿದೆ. ರೇಷ್ಮೆಯ ತಪ್ಪುತಿಳಿವಳಿಕೆಯಿಂದ ಸುರುಮಾಡಿ, ಮದ್ದಳೆಯವರ ಚೀಲ, ಕಲ್ಲಿನ ಬಣ್ಣಗಳು, ಪೊರೆ, ಸೂಜಿ, ಎಲ್ಲವನ್ನೂ ಒಂದಾದ ಮೇಲೆ ಒಂದು. ಮುಗಿದ ಮೇಲೆ ಅವರು ಬಾಲ್ಕನಿಯ ಆಚೆ ಸಮುದ್ರದ ಸೀಳಿನ ಕಡೆ ತಿರುಗಿದರು. ಕೈ ತನ್ನಿಂದ ತಾನೇ ಕೊರಳಿಗೆ ಹೋಯಿತು. ಅಲ್ಲಿ ಏನೋ ಇದೆಯೋ ಎಂಬಂತೆ ತಡವಿ ನೋಡಿಕೊಂಡರು. ಅವರ ಉಸಿರಿನ ಶಬ್ದ ನನಗೆ ಕೇಳಿಸುತ್ತಿತ್ತು, ಒಂದು ಕಡೆಯದು ಮಾತ್ರ.

"ಹಾಗಾದರೆ ಕೊರಳಲ್ಲಿ ನಿಲ್ಲಬೇಕಾದದ್ದು ಕೆಳಗೆ ಇಳಿಯಿತು," ಎಂದರು. "ಪಾರ್ವತಮ್ಮ ಸರಿಯಾಗಿ ಒತ್ತಲಿಲ್ಲ ಮಾರಾಯ್ತಿ."

ನನಗೆ ನಗು ಬಂತು. ಅವರಿಗೂ ಬಂತು, ಕೆಮ್ಮಾಗಿ ಹೋಯಿತು. ಕೆಮ್ಮು ನಿಂತ ಕೂಡಲೇ ಫೋನ್ ತಾ ಎಂದರು. ಪಾರ್ವತಮ್ಮ ಎಂದರೆ ಸ್ತ್ರೀವೇಷ ಮಾಡುತ್ತಿದ್ದ ಉಡುಪಿ ಕಡೆಯ ಗೆಳೆಯರು. ಆಗ ಹೋಟೆಲಿನ ಕ್ಯಾಷಿಯರ್, ಈಗ ಫಹಾಹೀಲಿನಲ್ಲಿ ಸ್ವಂತ ಹೋಟೆಲ್. ವರ್ಷವರ್ಷವೂ ಆ ನೀಲಿಗೆ ಅಂಗೈ ಒತ್ತಿದವರು ಅವರು. ನಾಟಕ ಮುಗಿದ ಮೇಲೆ ಅಂಗೈಗೆ ಅಂಟಿದ ಎಳೆಗಳನ್ನು ಊದಿ ಹಾರಿಸುತ್ತಿದ್ದರು. ಅದು ನನಗೆ ಹೊಳೆದಿರಲಿಲ್ಲ; ಇವರಿಗೆ ಹೊಳೆಯಿತು. ನಾಳೆಯೇ ಎದೆಯ ಎಕ್ಸ್‌ರೇ ತೆಗೆಸು, ಚಹಾಕ್ಕೆ ಸಕ್ಕರೆ ಹಾಕುವುದನ್ನು ಆಮೇಲೆ ನೋಡಿಕೋ ಎಂದು ಅಧಿಕಾರದಿಂದ ಹೇಳಿದರು. ಎಕ್ಸ್‌ರೇ ಸದ್ಯಕ್ಕೆ ಚೆನ್ನಾಗಿಯೇ ಬಂತು. ನನ್ನದೂ, ಮಗನದೂ. ಸದ್ಯಕ್ಕೆ ಎಂಬ ಶಬ್ದವನ್ನು ಡಾಕ್ಟರು ಮೂರೂ ಸಲ ಸೇರಿಸಿದರು.

ಪೆಟ್ಟಿಗೆಯನ್ನು ಒಯ್ಯಲು ಮಗ ಅಂಥ ಕೆಲಸದ ಪರವಾನಗಿ ಇರುವವರನ್ನು ಕರೆಸಿದ. ಬಂದವರು ತಲೆಯಿಂದ ಕಾಲಿನವರೆಗೆ ಬಿಳಿಯ ಉಡುಪಿನಲ್ಲಿದ್ದರು. ಮುಖ ಕಾಣುತ್ತಿರಲಿಲ್ಲ, ನಡೆದರೆ ಶಬ್ದವಾಗುತ್ತಿರಲಿಲ್ಲ. ನಮ್ಮ ಕೋಣೆಯನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ ಒಳಗೆ ಏನೇನೋ ಮಾಡಿ, ಕೊನೆಗೆ ಹಸಿರು ಪೆಟ್ಟಿಗೆಯ ಬಿಳಿ ಗಂಟನ್ನು ಇಬ್ಬರು ಎತ್ತಿಕೊಂಡು ಹೊರಟರು. ನಮ್ಮವರು ಬಾಗಿಲಲ್ಲಿ ನಿಂತು ಕೈ ಮುಗಿದರು. ಪೆಟ್ಟಿಗೆಗೋ, ಹೊತ್ತವರಿಗೋ ಗೊತ್ತಾಗಲಿಲ್ಲ. ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಆ ಬಿಳಿಯವರಲ್ಲೊಬ್ಬ ತಲೆಬಾಗಿದ.

ಇನ್ನು ಶಿವರಾತ್ರಿಗೆ ಅವರು ಹೋಗಲಾರರು ಎಂದುಕೊಂಡಿದ್ದೆ. ಸಂಘದ ಹುಡುಗರು ನೀಲಿ ಬಣ್ಣ ತರುತ್ತೇವೆ ಎಂದು ಫೋನ್ ಮಾಡಿದರು. ನಾನೇನು ಸುಣ್ಣ ಬಳಿಯುವ ಗೋಡೆಯಾ ಎಂದು ಇವರು ಬೈದರು. ಬರುತ್ತೇನೆ, ಕೊರಳಿಗೆ ಏನೂ ಬೇಡ, ಹೊಗೆಯ ಯಂತ್ರವೂ ಬೇಡ, ಹಿಮವಂತೂ ಬೇಡವೇ ಬೇಡ. ಕುರ್ಚಿ ಒಂದಿರಲಿ. ಮಕ್ಕಳು ಸುತ್ತ ನಿಲ್ಲಲಿ, ಅವಕ್ಕೆ ಏನೂ ಆಗದು.

ಕಾರ್ಯಕ್ರಮ ಇದ್ದದ್ದು ಒಂದು ಶಾಲೆಯ ಸಭಾಂಗಣದಲ್ಲಿ, ಶುಕ್ರವಾರ ಸಂಜೆ. ಆಕ್ಸಿಜನ್ ಸಿಲಿಂಡರನ್ನು ಪರದೆಯ ಹಿಂದೆ ನಿಲ್ಲಿಸಿ, ನಾನು ಮುಂದಿನ ಸಾಲಿನ ತುದಿಯಲ್ಲಿ ಕುಳಿತೆ. ಪಾರ್ವತಮ್ಮ ಕನ್ನಡಕ ತೆಗೆದಿಟ್ಟು, ದೊಡ್ಡ ಹೊಟ್ಟೆಯ ಮೇಲೆ ಸೀರೆ ಉಟ್ಟು ಬಂದರು. ಜನ ನಕ್ಕರು, ಚಪ್ಪಾಳೆ ತಟ್ಟಿದರು. ನಮ್ಮವರ ಮುಖಕ್ಕೆ ವಿಭೂತಿ ಬಿಟ್ಟು ಬೇರೆ ಬಣ್ಣವಿರಲಿಲ್ಲ. ಬರಿಯ ಕೊರಳು, ಮುದುಕನ ಕೊರಳು. ಮಾತುಗಳನ್ನು ಅವರು ಬಿಡಿಸಿ ಬಿಡಿಸಿ ಹೇಳಿದರು, ಉಸಿರು ತೆಗೆದುಕೊಂಡದ್ದು ಎಲ್ಲಿಯೂ ಉಸಿರಾಗಿ ಕಾಣಲಿಲ್ಲ. ಸಭಾಂಗಣದಲ್ಲಿ ಒಂದೇ ದೀಪ ಉಳಿಯಿತು.

ಅವರು ಬಟ್ಟಲೆತ್ತಿದರು. ಕುಡಿದರು. ಪಾರ್ವತಮ್ಮ ಓಡಲಾಗದೆ ಬೇಗ ಬೇಗ ನಡೆದು ಬಂದು ಅಂಗೈಯನ್ನು ಕೊರಳಿಗೆ ಇಟ್ಟರು. ಹಿಂದೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆಗೆಯುತ್ತಿದ್ದರು. ಈ ಸಲ ತೆಗೆಯಲಿಲ್ಲ. ಒತ್ತಿಕೊಂಡೇ ನಿಂತರು, ಅಂದು ಬಿಟ್ಟದ್ದನ್ನು ಈಗ ಹಿಡಿಯಬಹುದು ಎಂಬ ಹಾಗೆ. ನಮ್ಮವರು ಕಣ್ಣು ಮುಚ್ಚಿದ್ದರು. ಎದೆ ಏಳಲಿಲ್ಲ. ಮಕ್ಕಳೂ ಉಸಿರು ಹಿಡಿದಿದ್ದವು. ನಾನು ದೀಪದ ಕೋಲಿನಲ್ಲಿ ನೋಡಿದೆ. ಅಲ್ಲಿ ಏನೂ ತೇಲುತ್ತಿರಲಿಲ್ಲ. ನೂರಾರು ಜನರ ಸಭೆಯಲ್ಲಿ ಗಾಳಿ ಅಷ್ಟು ಸ್ವಚ್ಛವಾಗಿರುವುದನ್ನು ನಾನು ಎಂದೂ ಕಂಡಿಲ್ಲ.

ಆಗ ಅವರ ತುಟಿ ಬಣ್ಣ ತಿರುಗುವುದನ್ನು ಕಂಡೆ. ಮೊದಲು ಅಂಚು, ಆಮೇಲೆ ನಡು. ಸಭೆಯಲ್ಲಿ ಯಾರೋ ಹಾ ಎಂದರು. ಚಪ್ಪಾಳೆ ಹಿಂದಿನಿಂದ ಎದ್ದು ಮುಂದಕ್ಕೆ ಬಂತು.

ಪರದೆ ಎಳೆಯುವುದನ್ನು ಕಾಯದೆ ನಾನು ಮೆಟ್ಟಿಲು ಹತ್ತಿದೆ. ಚೌಕಿಯಲ್ಲಿ ಅವರನ್ನು ಕೂರಿಸಿ, ಮೂಗಿಗೆ ಕೊಳವೆ ಸಿಕ್ಕಿಸಿ, ಸಿಲಿಂಡರಿನ ಕೀಲಿ ತಿರುಗಿಸಿದೆ. ಕಣ್ಣು ತೆರೆದು, ನೀಲಿ ಬಂತಾ ಎಂದು ಕೇಳಿದರು. ಬಂತು ಎಂದೆ. ಅವರ ಬೆರಳನ್ನು ಹಿಡಿದು ಉಗುರು ನೋಡುತ್ತಿದ್ದೆ. ಅಷ್ಟರಲ್ಲಿ ಸಂಘದ ಹೆಂಗಸೊಬ್ಬಳು ಒಳಗೆ ಬಂದು ನನ್ನ ಹೆಗಲು ಹಿಡಿದಳು.

"ನೀಲಿ ಎಷ್ಟು ಚಂದ ಬಂತು ಅಕ್ಕಾ. ಈ ಸಲ ಕೊರಳಿಗಲ್ಲ, ತುಟಿಗೆ ಹಚ್ಚಿದ್ದೀರಿ. ಯಾವ ಬಣ್ಣ ಅದು?"

ಉಗುರಿನಿಂದ ಕಣ್ಣು ತೆಗೆಯದೆ ಹೇಳಿದೆ:

"ಬಣ್ಣ ಹಾಕಿದ್ದಲ್ಲ."